ಯಾರ ಕೈ ದಾಟಿ ಬಂತು ಈ ಚೊಂಬು?

ಯಶವಂತಪುರ ಎಂದರೆ ನಿಮಗೆ ತಟ್ಟನೆ ಏನು ನೆನಪಾಗುತ್ತದೆ? ರೈಲು ನಿಲ್ದಾಣವೇ? ಎಪಿಎಂಸಿ ಯಾರ್ಡಿನ ಮೂಟೆಗಳೇ? ಸಂಜೆ ಹೊತ್ತು ಇಂಚಿಂಚೇ ತೆವಳುವ ಬಸ್ಸುಗಳೇ?

ರೋಮ್ ಸಾಮ್ರಾಜ್ಯವಂತೂ ಯಾರಿಗೂ ನೆನಪಾಗಲಾರದು. ಆದರೆ 1891ರಲ್ಲಿ ಇದೇ ಯಶವಂತಪುರದಲ್ಲಿ ರೈಲು ಹಾದಿಗಾಗಿ ಮಣ್ಣು ಅಗೆಯುತ್ತಿದ್ದಾಗ 163 ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ನಮ್ಮ ರಾಜರು ಟಂಕಿಸಿದವಲ್ಲ, ರೋಮನ್ ನಾಣ್ಯಗಳು! ಮುಂದೆ 1965ರಲ್ಲಿ ಬೆಂಗಳೂರಿನ ಇನ್ನೊಂದು ಬದಿಯ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿಯೂ ಅಂಥವೇ 256 ನಾಣ್ಯಗಳು ದೊರೆತವು.

ಎಲ್ಲಿಯ ರೋಮ್, ಎಲ್ಲಿಯ ಯಶವಂತಪುರ! ಈ ನಾಣ್ಯಗಳು ಹುಟ್ಟಿದ್ದೆಲ್ಲಿ? ಯಾರ ಕೈಯಿಂದ ಯಾರ ಕೈಗೆ ದಾಟುತ್ತ ಇಲ್ಲಿಗೆ ಬಂದವು?

ಇಂಥ ಪ್ರಶ್ನೆ ಕೇಳುವುದನ್ನೇ ಕೆಲಸವಾಗಿ ಮಾಡಿಕೊಂಡವರಿದ್ದಾರೆ. ವಸ್ತುಸಂಗ್ರಹಾಲಯಗಳಲ್ಲಿ, ಪುರಾತತ್ವ ಇಲಾಖೆಯಲ್ಲಿ, ಕೆಲವೊಮ್ಮೆ ಪೊಲೀಸ್ ಠಾಣೆಯಲ್ಲಿ ಕೂತು ಅವರು ಒಂದೊಂದು ವಸ್ತುವಿಗೂ ವಂಶಾವಳಿ ಬರೆಯುತ್ತಾರೆ. ಎಲ್ಲಿ ತಯಾರಾಯಿತು, ಮೊದಲು ಯಾರ ಬಳಿ ಇತ್ತು, ಆಮೇಲೆ ಯಾರಿಗೆ ಹೋಯಿತು, ಹೇಗೆ ಹೋಯಿತು ಎಂದು ಒಂದೊಂದೇ ಕೊಂಡಿಯನ್ನು ಹುಡುಕಿ ಜೋಡಿಸುತ್ತಾರೆ. ಇದು ಪತ್ತೇದಾರಿ ಕೆಲಸವೇ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ನೀವೂ ಮಾಡಬಹುದು. ಅದಕ್ಕೆ ಮೊದಲು ದೊಡ್ಡ ಪತ್ತೇದಾರರು ಏನು ಮಾಡುತ್ತಾರೆಂದು ನೋಡೋಣ ಬನ್ನಿ.

ನಾಣ್ಯದ ಬಾಯಿಂದ ಬಂದ ಸುಳಿವು

ನಾಣ್ಯವನ್ನು ಮಾತಾಡಿಸುವುದು ಕಷ್ಟವಲ್ಲ. ಅದರ ಮೈಮೇಲೆಯೇ ಬರಹವಿರುತ್ತದೆ. ಬೆಂಗಳೂರಿನಲ್ಲಿ ಸಿಕ್ಕ ಈ ನಾಣ್ಯಗಳಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬ ರೋಮ್ ಚಕ್ರವರ್ತಿಗಳ ನಾಣ್ಯಗಳಿವೆ. ಅಗಸ್ಟಸ್ ಆಳಿದ್ದು ಕ್ರಿಸ್ತಪೂರ್ವ 27ರಿಂದ ಕ್ರಿಸ್ತಶಕ 14ರವರೆಗೆ. ಟೈಬೀರಿಯಸ್ 37ರವರೆಗೆ ಆಳಿದ. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು 41ರಲ್ಲಿ.

ಇಲ್ಲೊಂದು ಸೊಗಸಾದ ಉಪಾಯವಿದೆ. ಒಟ್ಟಿಗೆ ಹೂತಿಟ್ಟ ನಾಣ್ಯಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೆಂದು ಪತ್ತೇದಾರರು ಮೊದಲು ನೋಡುತ್ತಾರೆ. ಆ ಗಂಟಿನಲ್ಲಿ ಕ್ಲಾಡಿಯಸನ ನಾಣ್ಯ ಇದೆ ಎನ್ನಿ. ಹಾಗಾದರೆ ಅದನ್ನು 41ಕ್ಕಿಂತ ಮೊದಲು ಹೂತಿರಲು ಸಾಧ್ಯವೇ ಇಲ್ಲ. ಇನ್ನೂ ಹುಟ್ಟದ ನಾಣ್ಯವನ್ನು ಯಾರು ತಾನೇ ಹೂತಾರು? ಅಜ್ಜಿಯ ಹಳೇ ಡಬ್ಬಿಯ ಚಿಲ್ಲರೆಗೂ ಈ ಉಪಾಯ ನಡೆಯುತ್ತದೆ. ಅದರಲ್ಲಿರುವ ಎಲ್ಲಕ್ಕಿಂತ ಹೊಸ ನಾಣ್ಯ 1974ರದ್ದಾದರೆ, ಆ ಡಬ್ಬಿಗೆ ಕೊನೆಯ ಸಲ ಕಾಸು ಬಿದ್ದದ್ದು 1974ರಲ್ಲಿ ಅಥವಾ ಆಮೇಲೆ.

ಇನ್ನು ಇವು ಬಂದ ದಾರಿ. ಆ ಕಾಲದಲ್ಲಿ ರೋಮನ್ನರಿಗೆ ನಮ್ಮ ಕಾಳುಮೆಣಸಿನ ಮೇಲೆ ಎಲ್ಲಿಲ್ಲದ ಆಸೆ. ಮುತ್ತು, ಹತ್ತಿಬಟ್ಟೆ, ರತ್ನದ ಹರಳುಗಳೂ ಅವರಿಗೆ ಬೇಕಿದ್ದವು. ಈಜಿಪ್ಟಿನ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರು ಗಾಳಿಯನ್ನು ನಂಬಿ ಅರಬ್ಬೀ ಸಮುದ್ರ ದಾಟಿ, ಇಂದಿನ ಕೇರಳದಲ್ಲಿದ್ದ ಮುಜಿರಿಸ್‌ನಂಥ ಬಂದರುಗಳಿಗೆ ಬರುತ್ತಿದ್ದವು. ಕೊಟ್ಟದ್ದು ಬೆಳ್ಳಿ, ಬಂಗಾರ. ಒಯ್ದದ್ದು ಮೆಣಸು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಹರಿದು ಹೋಗುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ಲೇಖಕ ಗೊಣಗಿಕೊಂಡು ಬರೆದಿಟ್ಟಿದ್ದಾನೆ. ಸೆಸ್ಟರ್ಸ್ ಎಂದರೆ ರೋಮನ್ನರ ಚಿಲ್ಲರೆ ನಾಣ್ಯ. ಅಂಥ ನಾಲ್ಕು ಸೇರಿದರೆ ದಿನಾರಿಯಸ್ ಎಂಬ ಒಂದು ಬೆಳ್ಳಿ ನಾಣ್ಯ. ಕರಾವಳಿಗೆ ಇಳಿದ ಬೆಳ್ಳಿ ಎತ್ತಿನ ಗಾಡಿ, ಹೇರೆತ್ತುಗಳ ಹಾದಿಯಲ್ಲಿ ಒಳನಾಡಿಗೆ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇಂಥ ರೋಮನ್ ನಾಣ್ಯಗಳು ಸಿಕ್ಕಿವೆ.

ಇಷ್ಟು ಸಂಗತಿ ಗೊತ್ತಾದದ್ದು ನಾಣ್ಯದ ಮೇಲಿನ ಬರಹದಿಂದ ಮತ್ತು ಅದು ಸಿಕ್ಕಿದ ಜಾಗದಿಂದ. ಆದರೆ ಅದನ್ನು ಯಶವಂತಪುರದ ಮಣ್ಣಿನಲ್ಲಿ ಹೂತವರು ಯಾರು? ವ್ಯಾಪಾರಿಯೋ, ಕಳ್ಳನೋ, ಮಗಳ ಮದುವೆಗೆಂದು ಕೂಡಿಟ್ಟ ತಾಯಿಯೋ? ಮರಳಿ ಬಂದು ಏಕೆ ತೆಗೆಯಲಿಲ್ಲ? ಅದನ್ನು ಯಾರೂ ಬರೆದಿಡಲಿಲ್ಲ, ಯಾರೂ ಮಕ್ಕಳಿಗೆ ಹೇಳಲಿಲ್ಲ. ಹೀಗೆ ಸರಪಳಿಯ ಒಂದು ಕೊಂಡಿ ಶಾಶ್ವತವಾಗಿ ಕಳಚಿಹೋಯಿತು.

ಹೆಬ್ಬಾಳದ ಕಲ್ಲು ಎದ್ದು ಬಂತು

ಈಗ ಯಶವಂತಪುರದಿಂದ ಪೂರ್ವಕ್ಕೆ ಹೆಬ್ಬಾಳಕ್ಕೆ ಹೋಗೋಣ. ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳು, ಪಕ್ಕದಲ್ಲೇ ಕೆರೆ. ಇಲ್ಲಿ 2018ರಲ್ಲಿ ನೆಲ ಅಗೆಯುವ ಕೆಲಸ ನಡೆದಾಗ ಒಂದು ಕಲ್ಲು ಎದ್ದು ಬಂತು. ಅದರ ಮೇಲೆ ಒಬ್ಬ ವೀರನ ಚಿತ್ರ, ಜೊತೆಗೆ ಹಳಗನ್ನಡದ ಅಕ್ಷರಗಳು.

ಓದಿ ನೋಡಿದರೆ ಅದೊಂದು ವೀರಗಲ್ಲು. ಗಂಗರ ದೊರೆ ಶ್ರೀಪುರುಷನ ಕಾಲದ್ದು. ಅಕ್ಷರದ ರೂಪ, ದೊರೆಯ ಹೆಸರು ಎರಡನ್ನೂ ನೋಡಿ ವಿದ್ವಾಂಸರು ಅದಕ್ಕೆ ಕ್ರಿಸ್ತಶಕ 750ರ ಕಾಲವೆಂದು ಗುರುತು ಹಾಕಿದ್ದಾರೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು. ರಟ್ಟವಾಡಿಯವರ ದಾಳಿಯಲ್ಲಿ ಊರು ಹಾಳಾಗುತ್ತಿದ್ದಾಗ ಕಿತ್ತಯ್ಯ ಎಂಬಾತ ಹೋರಾಡಿ ಇಂದ್ರಲೋಕ ಸೇರಿದನೆಂದು ಕಲ್ಲು ಹೇಳುತ್ತದೆ. ರಟ್ಟವಾಡಿ ಎಂದರೆ ರಾಷ್ಟ್ರಕೂಟರ ನಾಡು.

ಇನ್ನೊಂದು ಸ್ವಾರಸ್ಯ ಕೇಳಿ. ಕಲ್ಲಿನಲ್ಲಿ ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಹೆಸರು ಬರುತ್ತದೆ. ಮೂವತ್ತು ಊರುಗಳ ನಾಡು ಅದು. ‘ಪೆರ್’ ಎಂದರೆ ಹಿರಿಯ, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೆಯೇ ಪೆರ್ಬೊಳಲ್ ಹೆಬ್ಬಾಳವಾಯಿತು! ಬಸ್ಸಿನ ಬೋರ್ಡಿನಲ್ಲಿ ನೀವು ದಿನಾ ಓದುವ ಹೆಸರಿಗೆ ಸುಮಾರು 1,270 ವರ್ಷಗಳ ಸಾಕ್ಷಿ ಸಿಕ್ಕಿತು.

ಸ್ವಲ್ಪ ಯೋಚಿಸಿ. ಇದೇ ಕಲ್ಲನ್ನು ಯಾರೋ ಲಾರಿಗೆ ತುಂಬಿ ದೂರದ ತೋಟದ ಮನೆಯ ಅಲಂಕಾರಕ್ಕೆ ಒಯ್ದಿದ್ದರೆ? ಕಲ್ಲು ಉಳಿಯುತ್ತಿತ್ತು, ಅಕ್ಷರವೂ ಉಳಿಯುತ್ತಿತ್ತು. ಆದರೆ ‘ಇದು ಹೆಬ್ಬಾಳದಲ್ಲೇ ಸಿಕ್ಕಿತು’ ಎಂಬ ಮಾತು ಹೋಗುತ್ತಿತ್ತು. ಪೆರ್ಬೊಳಲ್ ಎಂದರೆ ನಮ್ಮ ಹೆಬ್ಬಾಳವೇ ಎಂದು ಇಷ್ಟು ಧೈರ್ಯವಾಗಿ ಹೇಳಲು ಆಗ ಆಗುತ್ತಿರಲಿಲ್ಲ. ವಸ್ತು ಎಷ್ಟು ಮುಖ್ಯವೋ ಅದು ಸಿಕ್ಕಿದ ಜಾಗವೂ ಅಷ್ಟೇ ಮುಖ್ಯ. ಹೆಬ್ಬಾಳದ ಜನ ಮತ್ತು ಶಾಸನ ಪ್ರೇಮಿಗಳು ಸೇರಿ ಆ ಕಲ್ಲಿಗೆ ಅಲ್ಲೇ ಒಂದು ಮಂಟಪ ಕಟ್ಟಿಸಿದರು.

ಜಾಗವನ್ನು ಬರೆದಿಡುವ ಈ ಬುದ್ಧಿಯನ್ನು ನಮಗೆ ಕಲಿಸಿದವರಲ್ಲಿ ಮುಖ್ಯರು ಬಿ.ಎಲ್. ರೈಸ್. ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳನ್ನು ಹೊರತಂದರು. ಅದರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದ್ದು. ಶಾಸನದ ಪಾಠ ಕೊಟ್ಟು ಅವರು ಸುಮ್ಮನಾಗಲಿಲ್ಲ. ಯಾವ ಊರು, ಆ ಊರಲ್ಲಿ ಎಲ್ಲಿ, ಹೊಲದಲ್ಲೋ, ದೇವಸ್ಥಾನದ ಮುಂದೋ, ಕೆರೆ ಏರಿಯ ಮೇಲೋ ಎಂದೂ ಬರೆಸಿದರು.

ನೂರು ವರ್ಷ ದಾಟಿದ ಮೇಲೆ ಆ ಸಣ್ಣ ಟಿಪ್ಪಣಿಗಳ ಬೆಲೆ ಗೊತ್ತಾಯಿತು. ಹೊಲಗಳೆಲ್ಲ ಲೇಔಟುಗಳಾದವು. ಎಷ್ಟೋ ಕಲ್ಲುಗಳು ಕಟ್ಟಡದ ಅಡಿಪಾಯ ಸೇರಿದವು, ಒಡೆದುಹೋದವು. ಬೆಂಗಳೂರಿನ ಶಾಸನಾಸಕ್ತರು ರೈಸ್ ಅವರ ಪುಸ್ತಕವನ್ನು ಕೈಯಲ್ಲಿ ಹಿಡಿದು ಊರೂರು ತಿರುಗಿ, ಉಳಿದ ಕಲ್ಲುಗಳನ್ನು ಹುಡುಕಿದರು. ಎಂಜಿನಿಯರ್ ಪಿ.ಎಲ್. ಉದಯಕುಮಾರ್ ಇವರಲ್ಲಿ ಮುಂಚೂಣಿಯವರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಈಗ ಅವರ ತಂಡ ಈ ಕಲ್ಲುಗಳ ಮೂರು ಆಯಾಮದ ಡಿಜಿಟಲ್ ಪ್ರತಿ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಮೂಡಿ ಬರುತ್ತದೆ.

ಹುಲಿ ಲಂಡನ್ನಿಗೆ ಹೋದ ಕಥೆ

ಯಲಹಂಕ ದಾಟಿ ಉತ್ತರಕ್ಕೆ ಹೋದರೆ ದೇವನಹಳ್ಳಿ. ಟಿಪ್ಪು ಸುಲ್ತಾನ್ ಹುಟ್ಟಿದ ಊರು. ಟಿಪ್ಪುವಿನ ಬಳಿ ಒಂದು ವಿಚಿತ್ರ ಆಟಿಕೆ ಇತ್ತು. ಸುಮಾರು 5 ಅಡಿ 10 ಅಂಗುಲ ಉದ್ದದ ಮರದ ಹುಲಿ, ಅದರ ಕೆಳಗೆ ಬಿದ್ದ ಒಬ್ಬ ಯುರೋಪಿಯನ್. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತ ಕೈ ಎತ್ತುತ್ತಾನೆ. ಹೊಟ್ಟೆಯೊಳಗೆ ನುಡಿಸುವ ವಾದ್ಯವೂ ಇದೆ.

ಈ ಹುಲಿಯ ವಂಶಾವಳಿ ಬಹುಮಟ್ಟಿಗೆ ಪೂರ್ತಿಯಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅರಮನೆಯ ಸೊತ್ತನ್ನು ಗೆದ್ದ ಸೈನ್ಯ ಹಂಚಿಕೊಂಡಿತು. ಹುಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಹೋಯಿತು. 1808ರಿಂದ ಲಂಡನ್ನಿನಲ್ಲಿ ಕಂಪನಿಯ ಕಚೇರಿಯಲ್ಲಿ ಜನ ಅದನ್ನು ನೋಡತೊಡಗಿದರು. ಕಂಪನಿಯ ಆಳ್ವಿಕೆ ಮುಗಿದ ಮೇಲೆ ಅಲ್ಲಿ ಇಲ್ಲಿ ಸುತ್ತಿ, 1880ರಲ್ಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾದ ವಸ್ತುಸಂಗ್ರಹಾಲಯ ಸೇರಿತು. ಇಂದಿಗೂ ಅಲ್ಲೇ ಇದೆ.

ಇಲ್ಲಿ ನಮಗೆ ಕೈ ಬದಲಾದದ್ದಷ್ಟೇ ಅಲ್ಲ, ಹೇಗೆ ಬದಲಾಯಿತು ಎಂಬುದೂ ಗೊತ್ತು. ಯಾರೂ ಅದನ್ನು ಕೊಟ್ಟದ್ದಲ್ಲ, ಮಾರಿದ್ದಲ್ಲ. ಅದು ಯುದ್ಧದ ಲೂಟಿ. ಒಂದು ವಸ್ತುವಿನ ಕಥೆ ಹೇಳುವಾಗ ‘ಲಂಡನ್ನಿಗೆ ಹೋಯಿತು’ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ‘ಹೇಗೆ’ ಎಂಬ ಪ್ರಶ್ನೆಯನ್ನು ಬಿಡಬಾರದು.

ಒಂದು ಫೋಟೋ ತಂದ ನ್ಯಾಯ

‘ಹೇಗೆ’ ಎಂದು ಕೇಳಿದ್ದರಿಂದಲೇ ಮನೆಗೆ ಮರಳಿದ ವಸ್ತುವೂ ಉಂಟು. ನೆರೆಯ ತಮಿಳುನಾಡಿನ ಶ್ರೀಪುರಂತಾನ್ ಎಂಬ ಹಳ್ಳಿಯ ದೇವಸ್ಥಾನದಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದ. ಅದು ಕಳುವಾಯಿತು. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯ ಸುಮಾರು 50 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡಿತು. ಮೂರ್ತಿಯ ಜೊತೆಗೆ ‘ಇದು ಎಷ್ಟೋ ವರ್ಷ ಹಿಂದೆಯೇ ಭಾರತದಿಂದ ಹೊರಬಂದದ್ದು’ ಎನ್ನುವ ಕಾಗದಪತ್ರಗಳಿದ್ದವು. ಅವೆಲ್ಲ ನಕಲಿ.

ಕಳ್ಳತನ ಗೊತ್ತಾದದ್ದು ಹೇಗೆ? ಪುದುಚೇರಿಯಲ್ಲಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಇದೆ. ದೇವಸ್ಥಾನಗಳ ಮೂರ್ತಿಗಳನ್ನೆಲ್ಲ ಫೋಟೋ ತೆಗೆದು ಜೋಪಾನವಾಗಿ ಇಡುವುದು ಅದರ ಕೆಲಸಗಳಲ್ಲಿ ಒಂದು. ಅಲ್ಲಿದ್ದ ಹಳೆಯ ಫೋಟೋಗೂ ಆಸ್ಟ್ರೇಲಿಯಾದ ಮೂರ್ತಿಗೂ ತಾಳೆ ನೋಡಿದರು. ಎರಡೂ ಒಂದೇ! 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿದರು.

ಯಾರೋ ಒಬ್ಬರು ಒಂದು ದಿನ ತಾಳ್ಮೆಯಿಂದ ಫೋಟೋ ತೆಗೆದು, ಊರಿನ ಹೆಸರು ಬರೆದಿಟ್ಟರು. ಅಷ್ಟೇ. ಸುಳ್ಳು ಕಾಗದಗಳ ಕಟ್ಟನ್ನು ಆ ಒಂದು ಫೋಟೋ ಸೋಲಿಸಿತು.

ಇನ್ನು ನಮ್ಮ ಮನೆಯ ಸರದಿ

ನಮ್ಮ ಮನೆಯಲ್ಲಿ ರೋಮನ್ ನಾಣ್ಯವೂ ಇಲ್ಲ, ನಟರಾಜನೂ ಇಲ್ಲ ಎನ್ನಬೇಡಿ. ಅಡುಗೆಮನೆಗೆ ಹೋಗಿ ಹಳೆಯ ಚೊಂಬು, ಕೊಳಗ, ತಟ್ಟೆಗಳನ್ನು ತಿರುಗಿಸಿ ನೋಡಿ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಇರುತ್ತದೆ. ಕೆಲವದರಲ್ಲಿ ತಾರೀಖು, ಊರು, ‘ಮದುವೆಯ ನೆನಪಿಗೆ’, ‘ಗೃಹಪ್ರವೇಶದ ಉಡುಗೊರೆ’ ಎಂದೂ ಇರುತ್ತದೆ. ನಮ್ಮ ಹಿರಿಯರು ಪಾತ್ರೆಯ ಮೇಲೆಯೇ ವಂಶಾವಳಿ ಬರೆಸುತ್ತಿದ್ದರು! ಹಳೆಯ ಮದುವೆಯ ಮುಯ್ಯಿ ಪುಸ್ತಕ ಅಟ್ಟದಲ್ಲಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಯಾರು ಏನು ಮುಯ್ಯಿ ಮಾಡಿದರು ಎಂದು ಸಾಲು ಸಾಲಾಗಿ ಅದರಲ್ಲಿ ಸಿಗುತ್ತದೆ. ದೊಡ್ಡ ಮ್ಯೂಸಿಯಮ್ಮುಗಳೂ ಇಂಥದ್ದೇ ದಾಖಲೆ ಪುಸ್ತಕ ಇಡುತ್ತವೆ.

ವಸ್ತು ಮನೆಗೆ ಬರುವ ಬಗೆಗಳಿಗೆ ಕನ್ನಡದಲ್ಲಿ ಎಷ್ಟು ಪದಗಳಿವೆ ನೋಡಿ. ತವರಿನಿಂದ ಬಂದರೆ ಬಳುವಳಿ. ಮದುವೆಗೆ ಬಂದರೆ ಮುಯ್ಯಿ. ಅಣ್ಣತಮ್ಮಂದಿರು ಭಾಗವಾದಾಗ ಬಂದರೆ ಪಾಲು. ದುಡ್ಡು ಕೊಟ್ಟು ತಂದರೆ ಕ್ರಯ. ಸಾಲಕ್ಕೆ ಈಡಾಗಿ ಇಟ್ಟರೆ ಅಡವು. ಕೇಳಿ ತಂದು ಮತ್ತೆ ಕೊಡಬೇಕಾದದ್ದು ಎರವಲು. ನೀವು ಹಿಡಿದ ಚೊಂಬು ಇವುಗಳಲ್ಲಿ ಯಾವುದು?

ಇನ್ನೊಂದು ಉದಾಹರಣೆ ಅಜ್ಜನ ಎಚ್‌ಎಂಟಿ ಕೈಗಡಿಯಾರ. ಇದು ನಮ್ಮ ಉತ್ತರ ಬೆಂಗಳೂರಿನ ಮನೆಮಗ. ಯಶವಂತಪುರದ ಆಚೆಯ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕಾರ್ಖಾನೆ 1953ರಲ್ಲಿ ಆರಂಭವಾಯಿತು. ಮೊದಲು ಯಂತ್ರಗಳನ್ನು ಮಾಡುವ ಯಂತ್ರಗಳನ್ನಷ್ಟೇ ತಯಾರಿಸುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆ ಬಂತು. ಜನತಾ, ಪೈಲಟ್, ಕಾಂಚನ್ ಹೀಗೆ ಹತ್ತಾರು ಹೆಸರಿನ ಗಡಿಯಾರಗಳು ದೇಶದ ತುಂಬ ಹೋದವು. ಕಾಲ ಬದಲಾಯಿತು. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಈಗ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಮ್ಯೂಸಿಯಂ ಇದೆ. ಅಜ್ಜನನ್ನು ಕರೆದುಕೊಂಡು ಹೋಗಿ ಅವರ ಗಡಿಯಾರದ ಅಣ್ಣತಮ್ಮಂದಿರನ್ನು ನೋಡಿ ಬರಬಹುದು.

ಈ ಇಸವಿಗಳು ಪತ್ತೇದಾರಿಕೆಗೆ ಬಹಳ ಸಹಾಯಕ. ‘ಇದು ಮುತ್ತಜ್ಜ 1950ರಲ್ಲಿ ಕೊಂಡ ಎಚ್‌ಎಂಟಿ’ ಎಂದು ಯಾರಾದರೂ ಹೇಳಿದರೆ ನೀವು ನಯವಾಗಿ ತಲೆಯಾಡಿಸಿ, ಆಮೇಲೆ ಯೋಚಿಸಿ. ಆಗ ಎಚ್‌ಎಂಟಿ ಎಂಬ ಕಂಪನಿಯೇ ಇರಲಿಲ್ಲವಲ್ಲ! ಹಿರಿಯರು ಸುಳ್ಳು ಹೇಳಿದರೆಂದಲ್ಲ. ಎರಡು ಗಡಿಯಾರಗಳ ನೆನಪು ಒಂದರಲ್ಲೊಂದು ಬೆರೆತಿರಬಹುದು. ಹಾಗಾದರೆ 1950ರ ಗಡಿಯಾರ ಯಾವುದು, ಅದು ಎಲ್ಲಿ ಹೋಯಿತು? ನೋಡಿ, ಹೊಸ ಪತ್ತೇದಾರಿ ಕಥೆ ಶುರುವಾಯಿತು.

ಇನ್ನೂ ಸುಲಭದ್ದು ಬೇಕೇ? ಜೇಬಿನ ರೂಪಾಯಿ ನಾಣ್ಯ ತೆಗೆಯಿರಿ. ಇಸವಿಯ ಕೆಳಗೆ ನೋಡಿ. ವಜ್ರಾಕೃತಿಯ ಗುರುತಿದ್ದರೆ ಅದು ಮುಂಬೈ ಟಂಕಸಾಲೆಯಲ್ಲಿ ಹುಟ್ಟಿದ್ದು. ನಕ್ಷತ್ರವಿದ್ದರೆ ಹೈದರಾಬಾದ್. ಪುಟ್ಟ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಆರ್.ಟಿ. ನಗರದ ಅಂಗಡಿಯಲ್ಲಿ ಸಿಕ್ಕ ಚಿಲ್ಲರೆಯೂ ಎಷ್ಟು ದೂರದಿಂದ ಬಂದಿದೆ!

ಜಾತಕ ಬರೆಯುವುದು ಹೀಗೆ

ಈ ರಜೆಯಲ್ಲಿ ಮನೆಯ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ಒಂದು ನೋಟ್‌ಬುಕ್ ಹಾಳೆಯನ್ನು ಅದಕ್ಕೆ ಮೀಸಲಿಡಿ. ಆಮೇಲೆ ಹೀಗೆ ಮಾಡಿ.

1. ಮೊದಲು ಕಣ್ಣು, ಆಮೇಲೆ ಕಿವಿ. ಯಾರನ್ನೂ ಕೇಳುವ ಮುಂಚೆ ವಸ್ತುವನ್ನೇ ಚೆನ್ನಾಗಿ ನೋಡಿ. ಉದ್ದ, ತೂಕ, ಲೋಹ, ಬರಹ, ಬೆಸುಗೆ, ತಗ್ಗು, ಗೀರು ಎಲ್ಲವನ್ನೂ ಬರೆಯಿರಿ. ತಳದ ಬರಹವನ್ನು ಮರೆಯಬೇಡಿ.

2. ಫೋಟೋ ತೆಗೆಯಿರಿ. ಎದುರು, ಹಿಂದೆ, ತಳ, ಬರಹ ಇವು ಬೇರೆ ಬೇರೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಗಾತ್ರ ಗೊತ್ತಾಗುತ್ತದೆ.

3. ಹಿರಿಯರನ್ನು ಕೇಳಿ. ‘ಇದು ಎಷ್ಟು ಹಳೆಯದು?’ ಎಂದರೆ ‘ತುಂಬಾ ಹಳೇದು ಕಣೋ’ ಎಂಬ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಅಜ್ಜಿ, ನೀವು ಮದುವೆಯಾಗಿ ಬಂದಾಗ ಇದು ಇತ್ತಾ? ಎಲ್ಲಿ ಇಟ್ಟಿರ್ತಿದ್ರು? ಯಾರು ಬಳಸ್ತಿದ್ರು?’ ಅಪ್ಪ ಹುಟ್ಟುವ ಮೊದಲೋ ಆಮೇಲೋ, ಹಳೇ ಮನೆಯಲ್ಲಿದ್ದಾಗಲೋ ಈ ಮನೆಗೆ ಬಂದ ಮೇಲೋ ಎಂದು ಕೇಳಿದರೆ ಇಸವಿ ತಾನಾಗಿ ಹತ್ತಿರಕ್ಕೆ ಬರುತ್ತದೆ.

4. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಅಜ್ಜಿಯ ಮಾತೂ ದೊಡ್ಡತ್ತೆಯ ಮಾತೂ ಬೇರೆಯಾದರೆ ಎರಡನ್ನೂ ಬರೆಯಿರಿ. ಯಾರು ಸರಿ ಎಂದು ಜಗಳ ಹಚ್ಚಬೇಡಿ!

5. ಸಾಕ್ಷಿ ಹುಡುಕಿ. ಹಳೆಯ ಫೋಟೋದಲ್ಲಿ ಅಜ್ಜನ ಕೈಯಲ್ಲಿ ಆ ಗಡಿಯಾರ ಕಾಣುತ್ತದೆಯೇ? ಲಗ್ನಪತ್ರಿಕೆ, ರಸೀದಿ, ಪತ್ರ, ಮುಯ್ಯಿ ಪುಸ್ತಕ ಏನಾದರೂ ಇದೆಯೇ?

6. ಕೊನೆಯದಾಗಿ, ಪ್ರತಿ ಸಾಲಿನ ಎದುರು ಒಂದು ಗುರುತು ಹಾಕಿ: ‘ಕಂಡದ್ದು’, ‘ಕೇಳಿದ್ದು’, ‘ಊಹಿಸಿದ್ದು’. ಗೊತ್ತಿಲ್ಲದ ಕಡೆ ಖಾಲಿ ಜಾಗ ಬಿಡಿ. ಖಾಲಿ ಜಾಗ ಅವಮಾನವಲ್ಲ. ಅದನ್ನು ಊಹೆಯಿಂದ ತುಂಬಿಬಿಟ್ಟರೆ ಮಾತ್ರ ಮುಂದಿನವರು ದಾರಿ ತಪ್ಪುತ್ತಾರೆ.

ಎರಡು ಎಚ್ಚರಿಕೆಯ ಮಾತು. ಹಳೆಯ ನಾಣ್ಯ, ತಾಮ್ರದ ತಟ್ಟೆ, ಓಲೆಗರಿ ಸಿಕ್ಕಿತೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಸುಳಿವು ಹೋಗುತ್ತದೆ. ಊರಿನಲ್ಲಿ ಬರಹವಿರುವ ಕಲ್ಲು ಕಂಡರೆ ಅಲುಗಾಡಿಸಬೇಡಿ, ಸುಣ್ಣ ಬಣ್ಣ ಬಳಿಯಬೇಡಿ. ಫೋಟೋ ತೆಗೆದು, ಜಾಗ ಬರೆದುಕೊಂಡು ಶಿಕ್ಷಕರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆ 1878ರಲ್ಲೇ ಬಂದಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಮೂರ್ತಿ, ನಾಣ್ಯ, ಕಲಾವಸ್ತುಗಳು ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಹಿರಿಯರಿಗೆ ಒಂದು ಮಾತು

ಅಜ್ಜಂದಿರೇ, ಅಜ್ಜಿಯಂದಿರೇ, ಈ ಆಟದಲ್ಲಿ ನೀವೇ ಎಪಿಗ್ರಾಫಿಯಾ ಕರ್ನಾಟಿಕಾ. ಕಲ್ಲಿನ ಮೇಲಿನ ಅಕ್ಷರ ಸಾವಿರ ವರ್ಷ ಕಾಯುತ್ತದೆ, ಮನಸ್ಸಿನಲ್ಲಿರುವ ಮಾತು ಅಷ್ಟು ಕಾಯುವುದಿಲ್ಲ. ಮನೆ ಖಾಲಿ ಮಾಡುವಾಗ ಹಿತ್ತಾಳೆಯ ಹಂಡೆಯನ್ನು ತೂಕಕ್ಕೆ ಹಾಕುತ್ತೇವೆ. ಅಂಗಡಿಯವರು ಹಿತ್ತಾಳೆಗೆ ಬೆಲೆ ಕೊಡುತ್ತಾರೆ. ಆ ಹಂಡೆಯಲ್ಲಿ ಬಿಸಿಯಾದ ನೀರಿನಲ್ಲಿ ಎಷ್ಟು ಬಾಣಂತಿಯರು, ಎಷ್ಟು ಕೂಸುಗಳು ಮಿಂದವೆಂಬ ಲೆಕ್ಕ ಅವರ ತಕ್ಕಡಿಗೆ ಏರುವುದಿಲ್ಲ. ಹಂಡೆ ಮಾರಲೇಬೇಕಾಗಿ ಬಂದರೂ ಅದರ ಕಥೆಯನ್ನು ಮೊಮ್ಮಕ್ಕಳಿಗೆ ಕೊಟ್ಟು ಮಾರಿ.

ಸಿಹಿಯಾದ ಕಥೆ ಮಾತ್ರ ಹೇಳಬೇಕೆಂದೇನೂ ಇಲ್ಲ. ಬಳೆ ಅಡವಿಗೆ ಹೋಗಿ ಮರಳಿ ಬಂದದ್ದು, ಮರಳಿ ಬಾರದೇ ಹೋದದ್ದು, ಪಾಲಾದಾಗ ಒಂದು ತಟ್ಟೆಗಾಗಿ ಮಾತು ಬಿಟ್ಟದ್ದು ಎಲ್ಲವೂ ಆ ವಸ್ತುವಿನ ಜಾತಕದಲ್ಲಿ ಬರುವ ದಶೆಗಳೇ. ಮಕ್ಕಳು ಬುದ್ಧಿವಂತರು. ಮನೆಯ ಕಷ್ಟವನ್ನು ಕೇಳಿದರೆ ಆ ವಸ್ತುವಿನ ಮೇಲೆ ಅವರಿಗೆ ಗೌರವ ಹೆಚ್ಚುತ್ತದೆ.

ಕೆಲವೊಮ್ಮೆ ಹುಡುಕುತ್ತ ಹೋದಾಗ ಒಂದು ಮುಜುಗರದ ಸಂಗತಿಯೂ ಹೊರಬೀಳುತ್ತದೆ. ಚೊಂಬಿನ ಮೇಲಿರುವ ಹೆಸರು ನಮ್ಮ ಮನೆಯವರದ್ದೇ ಅಲ್ಲ! ಯಾವ ಕಾಲದಲ್ಲೋ ನಾಮಕರಣಕ್ಕೆಂದು ಹಳೇ ಬೀದಿಯ ಪಕ್ಕದ ಮನೆಯಿಂದ ಎರವಲು ತಂದದ್ದು, ಕೊಡಲು ಮರೆತೇಹೋದದ್ದು. ಆಸ್ಟ್ರೇಲಿಯಾದಿಂದ ನಟರಾಜ ಬಂದಹಾಗೆ ಅದೂ ಮನೆಗೆ ಹೋಗಲಿ. ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು, ಚೊಂಬನ್ನು ಚೆನ್ನಾಗಿ ತೊಳೆದು, ಒಳಗೆ ಒಂದಿಷ್ಟು ಸಕ್ಕರೆ ಹಾಕಿ ಕೊಟ್ಟುಬನ್ನಿ. ಆ ಮನೆಯ ಹಿರಿಯರಿಗೆ ಅವರ ತಾಯಿಯ ಹೆಸರನ್ನು ಮತ್ತೆ ಓದಿ ಹೇಳುವ ಭಾಗ್ಯ ನಿಮ್ಮ ಮೊಮ್ಮಗಳಿಗೆ ಸಿಗುತ್ತದೆ.